ಪಕ್ಕದ ಸೀಟಿನವರಿಗಾಗಿ ರಜೆ ಕೇಳಿದ್ದು

ನಾನು ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಫೆಡರಲ್ ಸರ್ಕಾರದ ಒಂದು ಕಚೇರಿಯಲ್ಲಿ ಹತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಇಲ್ಲಿ ನಮ್ಮ ರಜೆಯನ್ನು ಕಷ್ಟದಲ್ಲಿರುವ ಇನ್ನೊಬ್ಬ ನೌಕರರಿಗೆ ಕೊಡಬಹುದು. 1988ರಲ್ಲಿ ಇದಕ್ಕೆ ಕಾಯ್ದೆಯೇ ಆಗಿದೆ. ಕೆಲಸಕ್ಕೆ ಸೇರಿದ ವಾರ ಯಾರೋ ಹೇಳಿದ್ದರು, ಕೇಳಿ ಮರೆತಿದ್ದೆ. ಪಕ್ಕದ ಸೀಟಿನವರಿಗೆ ಕ್ಯಾನ್ಸರ್ ಅಂತ ಗೊತ್ತಾದಾಗ ನೆನಪಾಯಿತು.

ಅವರ ಸಿಕ್ ಲೀವ್, ಆನ್ಯುವಲ್ ಲೀವ್ ಎರಡೂ ನವೆಂಬರ್ ಕೊನೆಗೆ ಖಾಲಿಯಾದವು. ಡಿಸೆಂಬರ್‌ನಿಂದ ಸಂಬಳ ಇಲ್ಲ. ಅರ್ಜಿ ಹಾಕಿ ಅಂದರೆ ಬೇಡ ಬಿಡಿ ಅನ್ನುತ್ತಿದ್ದರು. ಕೈ ಚಾಚಬೇಕಲ್ಲ ಅನ್ನೋ ಸಂಕೋಚ. ಎರಡು ವಾರ ಹಾಗೇ ಕಳೆಯಿತು. ಆಮೇಲೆ ನಿಯಮ ಓದಿದಾಗ ಗೊತ್ತಾಯಿತು, ರೋಗಿಗೆ ಆಗದಿದ್ದರೆ ಅವರ ಪರವಾಗಿ ಬೇರೆಯವರು ಅರ್ಜಿ ಹಾಕಬಹುದು. ಫೋನ್ ಮಾಡಿ, "ನೀವು ಕೇಳಬೇಡಿ, ನಾನು ಕೇಳ್ತೀನಿ" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಸರಿ, ಆದರೆ ಕಾಯಿಲೆಯ ಹೆಸರು ಮಾತ್ರ ಬರೀಬೇಡಿ" ಅಂದರು.

630 ನಂಬರಿನ ಫಾರಂ ತುಂಬುವುದು ಕಷ್ಟವೇನಲ್ಲ. ಡಾಕ್ಟರ್ ಪತ್ರ ಲಗತ್ತಿಸಬೇಕು. ಸ್ವಂತ ರಜೆ ಮುಗಿದು ಕನಿಷ್ಠ 24 ಗಂಟೆಯಾದರೂ ಸಂಬಳವಿಲ್ಲದೆ ಇರಬೇಕಾಗುತ್ತದೆ ಅಂತ ತೋರಿಸಬೇಕು. ಮಂಜೂರಾಗಲು ಒಂದು ವಾರ ಹಿಡಿಯಿತು.

ನಿಜವಾಗಿ ತಲೆ ತಿಂದದ್ದು ಎಲ್ಲರಿಗೂ ಕಳಿಸುವ ಈಮೇಲ್. ನಾಲ್ಕು ಸಲ ಬರೆದೆ. ಮೊದಲನೆಯದು ಥೇಟ್ ಟಿವಿ ಧಾರಾವಾಹಿ, ಅವರ ಮಕ್ಕಳು, ಮನೆ ಸಾಲ, ಎಲ್ಲಾ ಬಂದಿತ್ತು. ಅದನ್ನು ನಾನೇ ಓದಿ ನಾಚಿಕೆಯಾಗಿ ಅಳಿಸಿದೆ, ಯಾಕೆಂದರೆ ಅವರು ವಾಪಸ್ ಬಂದ ಮೇಲೆ ಅದೇ ಜನರ ಜೊತೆ ಕೂತು ಊಟ ಮಾಡಬೇಕು, ಅಲ್ವಾ? ಕೊನೆಗೆ ಉಳಿದದ್ದು ಮೂರೇ ಸಾಲು: ಇವರಿಗೆ ಗಂಭೀರ ಕಾಯಿಲೆ, ಇನ್ನೂ ಕೆಲವು ವಾರ ಚಿಕಿತ್ಸೆ ಇದೆ. ಸ್ವಂತ ರಜೆ ಮುಗಿದಿದೆ, ಒಟ್ಟು 320 ಗಂಟೆ ಬೇಕು. ಕೊಡುವ ಮನಸ್ಸಿದ್ದವರು 630-ಎ ಫಾರಂ ತುಂಬಿ. ಅದನ್ನು ಅವರಿಗೆ ತೋರಿಸಿ, ಅವರು ಹೂಂ ಅಂದ ಮೇಲೆಯೇ ಕಳಿಸಿದ್ದು.

ಗಂಟೆ ಲೆಕ್ಕ ಹಾಕಿದ್ದು ಒಳ್ಳೆಯದೇ ಆಯಿತು. ಎಂಟು ವಾರ ಅಂದರೆ ಯಾರಿಗೂ ಕೈ ಬರುವುದಿಲ್ಲ. ನಾಲ್ಕು ಗಂಟೆ, ಎಂಟು ಗಂಟೆ ಅಂದರೆ ಕೊಡುತ್ತಾರೆ. ಇಲ್ಲಿ ಗಂಟೆಗೆ ಗಂಟೆ ಲೆಕ್ಕ. ಟಪಾಲು ವಿಭಾಗದವರು ಕೊಟ್ಟ ಒಂದು ಗಂಟೆಯೂ ಡೈರೆಕ್ಟರ್ ಕೊಟ್ಟ ಒಂದು ಗಂಟೆಯೂ ಒಂದೇ. ಪಡೆಯುವವರಿಗೆ ಸಿಗುವುದು ಅವರದೇ ಸಂಬಳದ ದರ. ಸಿಕ್ ಲೀವ್ ಕೊಡುವಂತಿಲ್ಲ, ಆನ್ಯುವಲ್ ಲೀವ್ ಮಾತ್ರ. ಅದೂ ಸಾಮಾನ್ಯವಾಗಿ ಒಂದು ವರ್ಷದಲ್ಲಿ ನಾವು ಗಳಿಸುವುದರ ಅರ್ಧದಷ್ಟು. ನನಗೆ ವರ್ಷಕ್ಕೆ 160 ಗಂಟೆ ಬರುತ್ತದೆ, ಹಾಗಾಗಿ ಮಿತಿ 80. ತನ್ನ ನೇರ ಮೇಲಧಿಕಾರಿಗೆ ಯಾರೂ ಕೊಡುವಂತಿಲ್ಲ. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಒತ್ತಾಯ ಮಾಡುವುದಂತೂ ಕಾನೂನಿಗೆ ವಿರುದ್ಧ, ಅದಕ್ಕೇ ನಾನು ಸೀಟಿಂದ ಸೀಟಿಗೆ ಹೋಗಿ ಕೇಳಲಿಲ್ಲ.

ನಾನು 40 ಗಂಟೆ ಕೊಟ್ಟೆ. ದೊಡ್ಡ ಮನಸ್ಸು ಅಂದುಕೊಳ್ಳಬೇಡಿ. ಮುಂದಿನ ವರ್ಷಕ್ಕೆ 240 ಗಂಟೆ ಮಾತ್ರ ಒಯ್ಯಬಹುದು, ಮಿಕ್ಕಿದ್ದು ಜನವರಿಯಲ್ಲಿ ಸುಮ್ನೆ ಹೋಗುತ್ತದೆ. ನನ್ನ 40ರಲ್ಲಿ ಮೂವತ್ತಕ್ಕೂ ಜಾಸ್ತಿ ಹಾಗೆ ಹೋಗುವಂಥದ್ದೇ. ಡಿಸೆಂಬರ್‌ನಲ್ಲಿ ಕೇಳಿದ್ದು ನಮ್ಮ ಅದೃಷ್ಟ, ಏಪ್ರಿಲ್‌ನಲ್ಲಾಗಿದ್ದರೆ ಇಷ್ಟು ಬರುತ್ತಿರಲಿಲ್ಲ. ಒಬ್ಬರಿಗೆ 80 ಗಂಟೆ ಕೊಡುವ ಆಸೆ ಇತ್ತು, ಆದರೆ ಹೋಗುವ ರಜೆಯನ್ನೇ ಕೊಡುವುದಾದರೆ ಆ ರಜಾ ವರ್ಷದಲ್ಲಿ ಉಳಿದ ಕೆಲಸದ ಗಂಟೆಗಳಿಗಿಂತ ಜಾಸ್ತಿ ಕೊಡಲಾಗುವುದಿಲ್ಲ. ಅವರು ಕೊನೆಯ ವಾರದವರೆಗೂ ಕಾದಿದ್ದರಿಂದ 24 ಗಂಟೆಯಷ್ಟೇ ಸಾಧ್ಯವಾಯಿತು. ನಿಜವಾದ ದಾನ ಮಾಡಿದ್ದು ಹಿಂದಿನ ವರ್ಷ ಸೇರಿದ ಹುಡುಗಿ. ಎರಡು ವಾರಕ್ಕೆ ನಾಲ್ಕೇ ಗಂಟೆ ರಜೆ ಗಳಿಸುವವಳು ಎಂಟು ಗಂಟೆ ಕೊಟ್ಟಳು.

ನಡುವೆ ಒಂದು ಕಿರಿಕಿರಿ ಆಯಿತು. ಸಂಬಳ ವಿಭಾಗದವರು, ಸಂಬಳವಿಲ್ಲದೆ ಕಳೆದ ಮೊದಲ ವಾರಗಳಿಗೆ ಈ ರಜೆ ಹಾಕಲು ಬರುವುದಿಲ್ಲ ಅಂದರು. ಬರುತ್ತದೆ. ಹಿಂದಿನ ದಿನಗಳಿಗೂ ಅನ್ವಯಿಸಬಹುದು ಅಂತ ನಿಯಮದಲ್ಲೇ ಇದೆ. ಆ ಪುಟ ಪ್ರಿಂಟ್ ತೆಗೆದು, ಸಾಲಿಗೆ ಹಳದಿ ಬಣ್ಣ ಹಚ್ಚಿ ಕೊಟ್ಟೆ. ಮೂರು ದಿನದಲ್ಲಿ ಸರಿಮಾಡಿದರು. ಈ ದುಡ್ಡಿಗೆ ಪಡೆದವರೇ ತೆರಿಗೆ ಕಟ್ಟಬೇಕು ಅನ್ನೋದನ್ನೂ ಅವರಿಗೆ ಮೊದಲೇ ಹೇಳಿಬಿಟ್ಟಿದ್ದೆ.

ಭಾನುವಾರ ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಹೇಳಿದೆ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಜನವರಿ ಒಂದಕ್ಕೆ 15, ಜುಲೈ ಒಂದಕ್ಕೆ 15 ದಿನ ಅಂತ ಬರುತ್ತಿದ್ದ ಇ.ಎಲ್. (ಗಳಿಕೆ ರಜೆ) ಕೂಡಿಟ್ಟು, 300 ದಿನದ ದುಡ್ಡು ತಗೊಂಡು ನಿವೃತ್ತರಾದರು. ನಮ್ಮ ಮನೆಯ ಮೇಲಂತಸ್ತು ಅದೇ ರಜೆ. "ರಜೆ ಕೊಡೋಕಾಗುತ್ತೇನೋ? ಅದು ಸರ್ವಿಸ್ ಬುಕ್ಕಲ್ಲಿ ಇರೋದಲ್ವಾ?" ಅಂದರು. ಅವರ ಕಚೇರಿಯಲ್ಲಿ ಒಬ್ಬರಿಗೆ ಕಿಡ್ನಿ ಹೋದಾಗ ಎಲ್ಲರೂ ಐನೂರು ಐನೂರು ಹಾಕಿ ಕವರ್ ಕೊಟ್ಟಿದ್ದರಂತೆ. ಇ.ಎಲ್. ಎಲ್ಲರ ಹತ್ತಿರವೂ ಇತ್ತು, ಕೊಡಲು ದಾರಿ ಇರಲಿಲ್ಲ.

ಜನವರಿ ಕೊನೆಗೆ ಸಹೋದ್ಯೋಗಿ ವಾಪಸ್ ಬಂದರು, ತಲೆಗೆ ಉಣ್ಣೆ ಟೋಪಿ ಹಾಕಿಕೊಂಡು. ಬಳಸಿದ್ದು 280 ಗಂಟೆ. ಮಿಕ್ಕ 40 ಗಂಟೆಯನ್ನು ಕೊಟ್ಟವರಿಗೇ, ಅವರವರು ಕೊಟ್ಟ ಪ್ರಮಾಣದಲ್ಲಿ ಹಿಂದಿರುಗಿಸಿದರು. ಫೆಬ್ರವರಿಯ ಸಂಬಳದ ಚೀಟಿಯಲ್ಲಿ ನನಗೆ ಐದು ಗಂಟೆ ಜಮಾ ಆಗಿತ್ತು.

ಅಪ್ಪನಿಗೆ ಅದನ್ನೂ ಹೇಳಿದೆ. "ಐದು ಗಂಟೆ ವಾಪಸ್ ಕೊಟ್ರಾ?" ಅಂತ ಎರಡು ಸಲ ಕೇಳಿದರು. ಆಮೇಲೆ, "ಯಾರಪ್ಪ ಆ ಗುಮಾಸ್ತ? ಲೆಕ್ಕ ಚೆನ್ನಾಗಿ ಇಟ್ಟಿದ್ದಾನೆ."