ಹಳೇ ಬೋಲ್ಟ್ ಆಕ್ಷನ್ ಬೇಟೆ ರೈಫಲ್: ಯಾವ್ದು ಅಂತ ಗುರುತು ಹಿಡಿಯೋದು, ಬೆಲೆ ಕಟ್ಟೋದು ಹೇಗೆ

ಅಜ್ಜನ ಕಾಲದ ರೈಫಲ್ ಒಂದು ಕೈಗೆ ಬಂತು ಅಂದ್ರೆ ಜನ ಮೊದ್ಲು ಮಾಡೋ ಕೆಲ್ಸ ಅದನ್ನ ಉಜ್ಜಿ ತಿಕ್ಕಿ ಫಳಫಳ ಅನ್ನಿಸೋದು. ದಯವಿಟ್ಟು ಅದೊಂದು ಮಾಡ್ಬೇಡಿ. ಸ್ಯಾಂಡ್‌ಪೇಪರ್ ಬೇಡ, ವಾರ್ನಿಷ್ ಬೇಡ, ಹೊಸದಾಗಿ ಬ್ಲೂಯಿಂಗ್ (ಲೋಹಕ್ಕೆ ಕಡುನೀಲಿ ಬಣ್ಣ ಬರಿಸೋದು) ಮಾಡಿಸೋದಂತೂ ಬೇಡ್ವೇ ಬೇಡ. ಇಂಥ ರೈಫಲ್ಲಿನ ಬೆಲೆ ಇರೋದೇ ಫ್ಯಾಕ್ಟರಿ ಬಿಟ್ಟಾಗ ಹೇಗಿತ್ತೋ ಅದ್ರಲ್ಲಿ ಎಷ್ಟು ಉಳಿದಿದೆ ಅನ್ನೋದ್ರಲ್ಲಿ, ನೀವು ಅರ್ಧ ಗಂಟೆ ಕೂತು ತಿಕ್ಕಿದ್ದು ಇನ್ಯಾವತ್ತೂ ವಾಪಸ್ ಬರಲ್ಲ.

ಮುಟ್ಟೋಕೆ ಮುಂಚೆ ನಿಮ್ಮಲ್ಲಿನ ಕಾನೂನು ಪ್ರಕಾರ ಲೈಸೆನ್ಸ್, ಕಾಗದಪತ್ರ ಸರಿ ಇದ್ಯಾ ನೋಡ್ಕೊಳ್ಳಿ, ಕಾಗದ ಇಲ್ದಿರೋ ರೈಫಲ್‌ಗೆ ಬೆಲೆ ಕಟ್ಟೋ ಮಾತೇ ಇಲ್ಲ. ಆಮೇಲೆ ಬ್ಯಾರಲ್ ಬಾಯಿ ಯಾರೂ ಇಲ್ಲದ ಕಡೆ ತಿರುಗಿಸಿ ಹಿಡ್ಕೊಂಡು ಬೋಲ್ಟ್ (ಹಿಡಿ ಹಿಡಿದು ಹಿಂದೆ ಮುಂದೆ ಎಳೆಯೋ ಸ್ಟೀಲ್ ಉರುಳೆ) ತೆಗೀರಿ, ಮ್ಯಾಗಜಿನ್ ನೋಡಿ, ಚೇಂಬರ್, ಅಂದ್ರೆ ಗುಂಡು ಕೂರೋ ಜಾಗದ ಒಳಗೆ ಬೆರಳು ಹಾಕಿ ಖಾಲಿ ಇದೆ ಅಂತ ಖಾತ್ರಿ ಮಾಡ್ಕೊಳ್ಳಿ. ಕಣ್ಣಲ್ಲಿ ನೋಡಿದ್ದು ಸಾಲ್ದು.

ಈಗ ಒಂದು ಟಾರ್ಚು, ಒಂದು ಭೂತಗನ್ನಡಿ ತಗೊಂಡು ಕೂತ್ಕೊಳ್ಳಿ. ಬ್ಯಾರಲ್ ಮೇಲೆ, ರಿಸೀವರ್ (ಬ್ಯಾರಲ್ ಹಿಂದೆ ಬೋಲ್ಟ್ ಕೂರೋ ಭಾಗ) ಮೇಲೆ, ಬೋಲ್ಟ್ ಮೇಲೆ ಏನೇನು ಅಕ್ಷರ, ಅಂಕಿ, ಕಿರೀಟ, ಹದ್ದು ಇದ್ಯೋ ಎಲ್ಲಾ ಇದ್ದಂಗೇ ಬರ್ಕೊಳ್ಳಿ, ಫೋಟೋನೂ ತೆಗೀರಿ. ಸೀರಿಯಲ್ ನಂಬರ್ ಒಂದಕ್ಕಿಂತ ಹೆಚ್ಚು ಕಡೆ ಇರಬಹುದು, ಎರಡೂ ಒಂದೇನಾ ನೋಡಿ. 1964ಕ್ಕೆ ಮುಂಚಿನ ವಿಂಚೆಸ್ಟರ್ ಮಾಡೆಲ್ 70ರಲ್ಲಿ ಬೋಲ್ಟ್ ಅಡಿಯಲ್ಲಿ ಎಲೆಕ್ಟ್ರಿಕ್ ಪೆನ್ಸಿಲಲ್ಲಿ ಕೈಯಲ್ಲೇ ಗೀಚಿರೋ ಥರ ನಂಬರ್ ಇರತ್ತೆ, ಅದು ರಿಸೀವರ್ ನಂಬರಿಗೆ ಹೊಂದಲಿಲ್ಲ ಅಂದ್ರೆ ಬೋಲ್ಟ್ ಬೇರೆ ರೈಫಲ್‌ದು.

ಹೆಸರು ಕಾಣಿಸ್ದೇ ಇದ್ರೆ ಆಕ್ಷನ್ನೇ, ಅಂದ್ರೆ ರಿಸೀವರ್, ಬೋಲ್ಟ್ ಸೇರಿದ ಯಂತ್ರಭಾಗವೇ, ಮಾತಾಡತ್ತೆ. ಬೋಲ್ಟ್ ಬಲಗಡೆ ಉದ್ದಕ್ಕೆ ಒಂದು ಸ್ಟೀಲ್ ಪಟ್ಟಿ, ಅಂದ್ರೆ ಹೊಡೆದ ತೋಟಾ ಹಿಡಿದು ಹೊರಗೆ ಎಳೆಯೋ ಕ್ಲಾ ಎಕ್ಸ್‌ಟ್ರಾಕ್ಟರ್, ಹಿಂದೆ ಮೂರು ಕಡೆ ನಿಲ್ಲೋ ರೆಕ್ಕೆ ಥರದ ಸೇಫ್ಟಿ, ಬೋಲ್ಟ್ ಹಿಡಿ ಮೇಲೆತ್ತುವಾಗ್ಲೇ ಸ್ಪ್ರಿಂಗ್ ಕಾಕ್ ಆಗೋದು (ಗುಂಡು ಹಾರಿಸೋಕೆ ಬಿಗಿಯಾಗೋದು), ಇಷ್ಟಿದ್ರೆ ಅದು ಮೌಸರ್ 98 ವಂಶದ್ದು, ಜರ್ಮನ್ ಸೈನ್ಯ 1898ರಲ್ಲಿ ತಗೊಂಡ ವಿನ್ಯಾಸ, ಆಮೇಲೆ ಪ್ರಪಂಚದ ಬೇಟೆ ರೈಫಲ್‌ಗಳಲ್ಲಿ ಎಷ್ಟೋ ಅದನ್ನೇ ನೋಡಿ ಕಲ್ತವು. ಕಾಕ್ ಆಗೋದು ಬೋಲ್ಟ್ ಮುಂದೆ ದಬ್ಬಿ ಮುಚ್ಚುವಾಗ ಅಂದ್ರೆ ಲೀ-ಎನ್‌ಫೀಲ್ಡ್ ಕಡೆ ನೋಡಿ. ಬೆಣ್ಣೆ ಸವರೋ ಚಾಕುವಿನ ಹಾಗೆ ಚಪ್ಪಟೆ ಬೋಲ್ಟ್ ಹಿಡಿ, ಬೋಲ್ಟ್ ಹಿಡಿ ದಾಟಿ ಹೋಗೋಕೆ ಸೀಳಿರೋ ರಿಸೀವರ್, ಒಳಗೆ ಸುತ್ತೋ ಮ್ಯಾಗಜಿನ್ ಇದ್ರೆ ಅದು ಮ್ಯಾನ್‌ಲಿಖರ್-ಶೋನಾವರ್, ತುಂಬಾ ನಾಜೂಕಿನ ಕೆಲ್ಸ, ಒಂದ್ಸಲ ಬೋಲ್ಟ್ ಎಳೆದು ನೋಡಿದ್ರೆ ಆ ನುಣುಪು ಮರೆಯಲ್ಲ. ರಿಸೀವರ್ ಮೇಲೆ ದೇಶದ ಲಾಂಛನ ಇದ್ರೆ, ಇಲ್ಲಾ ಅದನ್ನ ಅರೆದು ಅಳಿಸಿದ ಜಾಗ ಕಂಡ್ರೆ ಅದು ಮಿಲಿಟರಿ ರೈಫಲ್ಲನ್ನ ಕತ್ತರಿಸಿ ಬೇಟೆಗೆ ಮಾಡ್ಕೊಂಡಿದ್ದು, ಬೆಲೆ ಸಾಮಾನ್ಯವಾಗಿ ಕಮ್ಮಿ, ಹೆಸರಾಂತ ಗನ್‌ಮೇಕರ್ ಕೈಯಲ್ಲಿ ಆಗಿದ್ರೆ ಮಾತ್ರ ಲೆಕ್ಕ ಬೇರೆ.

ವರ್ಷ ಹಿಡಿಯೋಕೆ ನಂಗೆ ತುಂಬಾ ಇಷ್ಟವಾದ ದಾರಿ ಕ್ಯಾಲಿಬರ್, ಅಂದ್ರೆ ರೈಫಲ್ ಯಾವ ಬಗೆ ಗುಂಡಿಗೆ ಮಾಡಿದ್ದು ಅನ್ನೋದು. ಆ ಗುಂಡು ಬಂದ ವರ್ಷಕ್ಕಿಂತ ಬ್ಯಾರಲ್ ಹಳೇದಾಗಿರೋಕೆ ಆಗಲ್ಲ: .30-06 ಅಂದ್ರೆ 1906, .375 ಎಚ್ ಅಂಡ್ ಎಚ್ 1912, .270 ವಿಂಚೆಸ್ಟರ್ 1925, .308 ವಿಂಚೆಸ್ಟರ್ 1952, .243 ವಿಂಚೆಸ್ಟರ್ 1955. ಬ್ಯಾರಲ್ ಮೇಲೆ .308 ಅಂತ ಇದ್ದು ಮಾರೋರು ಇದು ಎರಡನೇ ಮಹಾಯುದ್ಧಕ್ಕೆ ಮುಂಚಿಂದು ಅಂದ್ರೆ ಒಂದೋ ಅವ್ರಿಗೆ ಗೊತ್ತಿಲ್ಲ, ಇಲ್ಲಾ ಬ್ಯಾರಲ್ ಬದಲಾಗಿದೆ. ಇದು ಬ್ಯಾರಲ್ಲಿನ ವಯಸ್ಸು ಮಾತ್ರ ಹೇಳತ್ತೆ, ಆಕ್ಷನ್ನಿಂದಲ್ಲ. ಪ್ರೂಫ್ ಗುರುತುಗಳೂ (ಬಂದೂಕು ಪರೀಕ್ಷೆ ಮಾಡಿ ಒತ್ತೋ ಮುದ್ರೆಗಳು) ಹಾಗೇ ಸಹಾಯಕ್ಕೆ ಬರ್ತವೆ: ಅಂಡಾಕಾರದೊಳಗೆ ಇಎಲ್‌ಜಿ ಅಂದ್ರೆ ಬೆಲ್ಜಿಯಂನ ಲಿಯೇಜ್, ಎನ್ ಅಕ್ಷರದ ಮೇಲೆ ಕಿರೀಟ ಅಂದ್ರೆ ಹಳೇ ಜರ್ಮನ್, ಅದೇ ಎನ್ ಮೇಲೆ ಹದ್ದು ಇದ್ರೆ 1940ರ ಹೊತ್ತಿಂದ ಈಚಿಂದು. ರೆಮಿಂಗ್ಟನ್ 700 ಆದ್ರೆ, ಅದು ಶುರುವಾಗಿದ್ದು 1962ರಲ್ಲಿ, ಬ್ಯಾರಲ್ ಎಡಗಡೆ ರಿಸೀವರ್ ಹತ್ರ ಸಣ್ಣ ಅಕ್ಷರದ ಕೋಡ್ ಇರತ್ತೆ, ಮೊದಲ್ನೇದು ತಿಂಗಳು, ಎರಡ್ನೇದು ವರ್ಷ.

ಮಾಡೆಲ್ 70 ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ಮೋಸ ಹೋಗೋದು ಇಲ್ಲೇ. 1936ರಲ್ಲಿ ಬಂತು, 1964ರಲ್ಲಿ ಖರ್ಚು ಕಮ್ಮಿ ಮಾಡೋಕೆ ಕ್ಲಾ ಎಕ್ಸ್‌ಟ್ರಾಕ್ಟರ್ ತೆಗೆದು ಹಾಕಿದ್ರು, ಹೊಸ ವಿನ್ಯಾಸದ ನಂಬರ್ 7,00,000ದಿಂದ ಶುರು. ಅದಕ್ಕಿಂತ ಕಮ್ಮಿ ನಂಬರ್ ಇದ್ರೆ ಹಳೇದು, ಹಳೇದಕ್ಕೇ ಬೆಲೆ. ಅದ್ರಲ್ಲೂ .30-06, .270 ಬೇಕಾದಷ್ಟು ಸಿಗ್ತವೆ, .300 ಸ್ಯಾವೇಜ್, .35 ರೆಮಿಂಗ್ಟನ್ ಥರದವು ಅಪರೂಪ, ಅದಕ್ಕೇ ನಕಲಿ ಮಾಡೋರೂ ಇದಾರೆ. ಯುದ್ಧಕ್ಕೆ ಮುಂಚಿನ ಮಾಡೆಲ್ 70ರಲ್ಲಿ ರಿಸೀವರ್ ಹಿಂಭಾಗದ ಸೇತುವೆಗೆ, ಅಂದ್ರೆ ಬೋಲ್ಟ್ ಮೇಲೆ ಹಾದುಹೋಗೋ ಭಾಗಕ್ಕೆ, ಸ್ಕೋಪ್ ಕೂರಿಸೋ ತೂತು ಇರ್ತಿರ್ಲಿಲ್ಲ, ಇದ್ರೆ ಆಮೇಲೆ ಯಾರೋ ಕೊರೆದಿದ್ದು. ಒಂದ್ಸಲ ಅಂಥದ್ದೇ ಒಂದು ನೋಡೋಕೆ ಹೋಗಿದ್ದೆ, ದೂರದಿಂದ ಹೊಸದರ ಹಾಗೆ ಕಡುನೀಲಿ ಹೊಳೀತಿತ್ತು, ನಂಗೂ ಮನಸ್ಸು ಜಾರಿತ್ತು. ಭೂತಗನ್ನಡಿ ಹಿಡಿದ್ರೆ ಬ್ಯಾರಲ್ ಮೇಲಿನ ಅಕ್ಷರಗಳ ಅಂಚು ಸೋಪಿನ ಮೇಲೆ ಬರೆದ ಹಾಗೆ ಕರಗಿವೆ, ಸ್ಕ್ರೂ ತೂತಿನ ಸುತ್ತ ತಟ್ಟೆ ಥರ ತಗ್ಗಾಗಿದೆ, ಚೂಪಾಗಿ ಇರಬೇಕಾದ ಮೂಲೆಗಳೆಲ್ಲ ದುಂಡಗೆ. ಪಾಲಿಶ್ ಚಕ್ರಕ್ಕೆ ಕೊಟ್ಟು ಮತ್ತೆ ಬ್ಲೂಯಿಂಗ್ ಮಾಡಿಸಿದ್ದು ಅಂತ ಗೊತ್ತಾಗೋಕೆ ಇಷ್ಟು ಸಾಕು. ಮಾರೋರು ಒರಿಜಿನಲ್ ಅಂತ್ಲೇ ಬೆಲೆ ಹೇಳಿದ್ರು, ನಾನು ಬಂದ್ಬಿಟ್ಟೆ. ಸವೆದು ಕಂದು ಬಣ್ಣಕ್ಕೆ ತಿರುಗಿರೋ ಒರಿಜಿನಲ್ ಫಿನಿಶ್ ಇಂಥ ಹೊಳಪಿಗಿಂತ ಎಷ್ಟೋ ಮೇಲು, ಕಲೆಕ್ಟರ್‌ಗಳು ದುಡ್ಡು ಕೊಡೋದು ಅದಕ್ಕೆ.

ಮರದ ಭಾಗಕ್ಕೂ, ಅಂದ್ರೆ ಸ್ಟಾಕಿಗೂ, ಇದೇ ಕಣ್ಣು. ಮರ ಲೋಹಕ್ಕಿಂತ ಸ್ವಲ್ಪ ಎತ್ತರದಲ್ಲೋ ಸಮನಾಗೋ ಇರಬೇಕು, ತಗ್ಗಿದ್ರೆ ಸ್ಯಾಂಡಿಂಗ್ ಆಗಿದೆ. ಹಿಂದೆ ರಬ್ಬರ್ ಪ್ಯಾಡ್ ಇದ್ರೆ ಟ್ರಿಗರಿಂದ ಕೊನೇವರೆಗೂ ಅಳತೆ ತಗೊಳ್ಳಿ, ಸುಮಾರು ಹದಿಮೂರೂವರೆ ಇಂಚು ಮಾಮೂಲಿ, ತೀರಾ ಕಮ್ಮಿ ಬಂದ್ರೆ ಸ್ಟಾಕ್ ಕತ್ತರಿಸಿರಬಹುದು. ರಿಸೀವರ್ ಬಾಲದ ಹಿಂದೆ ಕೂದಲೆಳೆ ಬಿರುಕು ಇದ್ಯಾ ನೋಡಿ. ಸ್ಕ್ರೂ ತಲೆಗಳು ಕಿತ್ತು ಹೋಗಿದ್ರೆ ಗೊತ್ತಿಲ್ದೋರು ಬಿಚ್ಚಿದ್ದಾರೆ ಅಂತ.

ಬೋಲ್ಟ್ ತೆಗೆದು ಬ್ಯಾರಲ್ ಒಳಗೆ ಬೆಳಕು ಬಿಡಿ. ಒಳಗಿನ ಸುರುಳಿ ಗೆರೆಗಳು ಚೂಪಾಗಿ ಹೊಳೀತಿದ್ರೆ ಒಳ್ಳೇದು, ಕಪ್ಪು ಚುಕ್ಕೆ ಗುಳಿ ಇದ್ರೆ ತುಕ್ಕು ತಿಂದಿದೆ, ಹಳೇ ಕಾಲದ ಪ್ರೈಮರ್ ಉಪ್ಪಿನಂಶ ಬಿಡ್ತಿತ್ತು, ಗುಂಡು ಹೊಡೆದ ದಿನವೇ ತೊಳೀದಿದ್ರೆ ಹೀಗಾಗ್ತಿತ್ತು. ಬಾಯಿ ಹತ್ರ ಗೆರೆ ಸವೆದಿದ್ರೆ ಅದೂ ಬರ್ಕೊಳ್ಳಿ.

ಗುಂಡು ಹೊಡೆದು ನೋಡೋಣ ಅನ್ನೋರಿಗೆ: ಒಳ್ಳೇ ಗನ್‌ಸ್ಮಿತ್ ಹತ್ರ ಹೆಡ್‌ಸ್ಪೇಸ್ (ಬೋಲ್ಟ್ ಮುಖಕ್ಕೂ ಚೇಂಬರಲ್ಲಿ ತೋಟಾ ನಿಲ್ಲೋ ಜಾಗಕ್ಕೂ ಇರೋ ಅಂತರ) ಚೆಕ್ ಮಾಡಿಸೋವರೆಗೂ ಬೇಡ. ಹಳೇ 8×57 ಕ್ಯಾಲಿಬರಿಗೆ ಎರಡು ಅಳತೆ ಗುಂಡು ಇವೆ, .318 ಮತ್ತು .323 ಇಂಚು, ಸಣ್ಣ ಬ್ಯಾರಲ್‌ಗೆ ದೊಡ್ಡದು ಹಾಕಿದ್ರೆ ಪ್ರೆಷರ್ ಅಪಾಯದ ಮಟ್ಟಕ್ಕೆ ಹೋಗತ್ತೆ. 1903 ಸ್ಪ್ರಿಂಗ್‌ಫೀಲ್ಡಲ್ಲಿ 8,00,000ಕ್ಕಿಂತ ಕಮ್ಮಿ ನಂಬರಿನ ಸ್ಪ್ರಿಂಗ್‌ಫೀಲ್ಡ್ ಆರ್ಮರಿ ರಿಸೀವರ್‌ಗಳು ಸುಟ್ಟು ಹದ ಮಾಡಿದ ರೀತಿ ಸರಿ ಇಲ್ದೆ ಸಿಡಿದ ಉದಾಹರಣೆ ಇವೆ, ಅಂಥದ್ದರಲ್ಲಿ ಗುಂಡು ಹೊಡೀಬೇಡಿ, ಗೋಡೆ ಮೇಲೆ ಅಲಂಕಾರಕ್ಕೆ ಇಡಿ.

ಬೆಲೆ ವಿಷ್ಯಕ್ಕೆ ಬಂದ್ರೆ, ಯಾರು ಎಷ್ಟು ಕೇಳ್ತಿದಾರೆ ಅನ್ನೋದು ಬೆಲೆ ಅಲ್ಲ, ಹರಾಜಲ್ಲಿ ಎಷ್ಟಕ್ಕೆ ಹೋಯ್ತು ಅನ್ನೋದು ಬೆಲೆ. ಅದೇ ಮಾಡೆಲ್, ಅದೇ ಕ್ಯಾಲಿಬರ್, ಅದೇ ಸ್ಥಿತಿಯ ನಾಲ್ಕೈದು ಮಾರಾಟ ಹುಡುಕಿ, ಒಂದೇ ಒಂದು ದಾಖಲೆ ಬೆಲೆ ನೋಡಿ ಕುಣೀಬೇಡಿ, ಹರಾಜಿನವರ ಕಮಿಷನ್ ಸೇರಿದೆಯಾ ಇಲ್ವಾ ಅದೂ ನೋಡಿ. ರಿಗ್ಬಿ, ಹಾಲೆಂಡ್ ಅಂಡ್ ಹಾಲೆಂಡ್ ಥರದ ಬ್ರಿಟಿಷ್ ಕಂಪನಿಗಳ ಹಳೇ ಲೆಡ್ಜರ್ ಇನ್ನೂ ಇವೆ, ಸೀರಿಯಲ್ ನಂಬರ್ ಕೊಟ್ಟು ಯಾವಾಗ ಮಾಡಿದ್ದು, ಯಾರಿಗೆ ಹೋಯ್ತು ಅಂತ ವಿಚಾರಿಸಬಹುದು. ಆ ಒಂದು ಸಾಲಿಗೆ ಎಷ್ಟು ತೂಕ ಅಂದ್ರೆ, ಜಿಮ್ ಕಾರ್ಬೆಟ್ ಅವ್ರ .275 ರಿಗ್ಬಿ ನೋಡಿ, ಅದೂ ಮೌಸರ್ ಆಕ್ಷನ್ನೇ, ಸ್ಟಾಕ್ ಮೇಲೆ 1907ರ ಚಂಪಾವತ್ ನರಭಕ್ಷಕ ಹುಲಿಯನ್ನ ಕೊಂದಿದ್ದಕ್ಕೆ ಕೊಟ್ಟಿದ್ದು ಅಂತ ಒಂದು ಬೆಳ್ಳಿ ಫಲಕ ಇದೆ, ಆ ಫಲಕ ಇಲ್ದಿದ್ರೆ ಅದು ಸವೆದ ಒಂದು ರಿಗ್ಬಿ ಅಷ್ಟೇ. ಹಾಗಾಗಿ ರೈಫಲ್ ಜೊತೆ ಬಂದ ಹಳೇ ಲೈಸೆನ್ಸ್ ಪುಸ್ತಕ, ಅಂಗಡಿ ರಸೀದಿ, ಬೇಟೆ ಫೋಟೋ, ಚರ್ಮದ ಕೇಸು ಏನೇ ಇರ್ಲಿ ಬಿಸಾಕ್ಬೇಡಿ. ಮಾರೋ ದಿನ ಸ್ವಲ್ಪ ಎಣ್ಣೆ ಹಾಕಿದ ಮೆತ್ತನೆ ಬಟ್ಟೇಲಿ ಧೂಳು ಒರೆಸಿ, ಇದೆಲ್ಲಾ ಒಂದೇ ಕವರಲ್ಲಿ ಹಾಕಿ ಜೊತೆಗೇ ಕೊಡಿ.