ಬಂದೂಕಿನ ಬಟ್‌ಗೆ ಅಗಸೆ ಎಣ್ಣೆ: ನನ್ನ ಅನುಭವ

"ಅಗಸಿ ಹಿಂಡಿ ರೊಟ್ಟಿಗೆ ಹಚ್ಕೊಳ್ಳೋದು ಬಿಟ್ಟು ಬಂದೂಕಿಗೆ ಎಣ್ಣಿ ಬಳೀತಿಯಲ್ಲೋ" ಅಂತ ಊರ ಕಾಕಾ ನಕ್ಕಿದ್ದರು. ಈಗ ಒಂದು ಮಳೆಗಾಲ ಕಳೆದಿದೆ. ಬಟ್, ಅಂದರೆ ಬಂದೂಕಿನ ಹಿಂಬದಿಯ ಕಟ್ಟಿಗೆ ಭಾಗ, ಇನ್ನೂ ಹುಣಸೆಹಣ್ಣಿನ ಬಣ್ಣದಲ್ಲೇ ಇದೆ, ಕಾಕಾ ತಾವೇ ಬಂದು ಹೆಂಗ ಮಾಡಿದಿ ಅಂತ ಕೇಳುತ್ತಿದ್ದಾರೆ.

ನಮ್ಮದು ಕೊಪ್ಪಳ ಕಡೆ ಗುಡ್ಡದಂಚಿನ ಹೊಲ. ಶೇಂಗಾಕ್ಕೆ ಹಂದಿ ಕಾಟ. ಬಂದೂಕು ಅಪ್ಪನ ಕಾಲದ ಒಂಟಿ ನಳಿಕೆ 12 ಬೋರ್ (ಬೋರ್ ಅಂದರೆ ನಳಿಕೆ ತೂತಿನ ಅಳತೆ), ಬೆಳೆ ರಕ್ಷಣೆ ಲೈಸೆನ್ಸ್, ಈಗ ನನ್ನ ಹೆಸರಲ್ಲಿದೆ.

ಮೊದಲು ಮಾಡಿದ ತಪ್ಪು ವಾರ್ನಿಶ್. ಮುನ್ನೂರು ಚಿಲ್ಲರೆ ರೂಪಾಯಿ ಡಬ್ಬಿ, ಕನ್ನಡಿಯಂಥ ಹೊಳಪು. 2024ರ ಮಾರ್ಚ್ 16ಕ್ಕೆ ಚುನಾವಣೆ ನೀತಿಸಂಹಿತೆ ಬಂತು, ಬಂದೂಕು ಠಾಣೆಗೆ ಡಿಪಾಸಿಟ್ ಆಯಿತು. ಅವಸರದಲ್ಲಿ ಪೂರ್ತಿ ಒಣಗುವ ಮೊದಲೇ ಗೋಣಿಚೀಲದಲ್ಲಿ ಸುತ್ತಿದ್ದೆ. ಜೂನ್‌ನಲ್ಲಿ ಫಲಿತಾಂಶ ಬಂದ ಮೇಲೆ ಬಿಡಿಸಿಕೊಂಡು ಬಂದು ನೋಡಿದರೆ ಬಟ್ ತುಂಬ ಗೋಣಿ ನಾರು! ಕರಡಿ ಕಾಲಿನಂತೆ ಕಾಣುತ್ತಿತ್ತು. ಅದನ್ನು ಕೆರೆಯಲು ಪಾಲಿಶ್ ಪೇಪರ್‌ಗೇ ಇನ್ನೂರು ಹೋಯಿತು.

ಆಮೇಲೆ ಮನೆಯಲ್ಲಿದ್ದ ಶೇಂಗಾ ಎಣ್ಣೆ ಹಚ್ಚಿದೆ. ಅದು ಜನ್ಮದಲ್ಲಿ ಒಣಗುವುದಿಲ್ಲ. ಎರಡು ವಾರ ಜಿಗಿಜಿಗಿ, ಇರುವೆಗಳಿಗೆ ಹಬ್ಬ.

ಹಿಂಗಾರಿ ಅಗಸೆ ಬಂದಾಗ ಗಾಣದಿಂದ ಅರ್ಧ ಲೀಟರ್ ಎಣ್ಣೆ ತಂದೆ, ಇನ್ನೂರರ ಸುಮಾರು. ಅಗಸೆ ಎಣ್ಣೆ ಗಾಳಿ ಕುಡಿದು ಗಟ್ಟಿಯಾಗುತ್ತದೆ, ಅದೇ ಅದರ ಗುಣ. ಅಗಲ ತಟ್ಟೆಯಲ್ಲಿ ಸುರಿದು ಮೂರು ವಾರ ಬಿಸಿಲಿಗಿಟ್ಟೆ. ತೋಟಾ ಬೇರೆ ಕೋಣೆಯಲ್ಲಿಟ್ಟು, ಬಟ್ ಬಿಚ್ಚಿ, 120ರಿಂದ 400 ನಂಬರ್‌ವರೆಗಿನ ಪಾಲಿಶ್ ಪೇಪರ್‌ನಿಂದ ಉಜ್ಜಿದೆ. ಮೊದಲ ಸಲ ದಪ್ಪಗೆ ಬಳಿದು ಕೆಟ್ಟೆ. ಆಮೇಲೆ ನಾಲ್ಕೇ ಹನಿ, ಅಂಗೈಯಿಂದ ಬಿಸಿಯಾಗುವವರೆಗೆ ತಿಕ್ಕುವುದು, ಉಳಿದದ್ದು ಒರೆಸುವುದು, ಎರಡು-ಮೂರು ದಿನ ಬಿಡುವುದು. ಹೀಗೆ ಹನ್ನೊಂದೋ ಹನ್ನೆರಡೋ ಕೈ. ಕೆಂಪು ಛಾಯೆಗೆ ಏನು ಬೆರೆಸಿದೆ ಅನ್ನೋದು ನನ್ನಲ್ಲೇ ಇರಲಿ. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಕಾದು ಬೆಂಕಿ ಹತ್ತಬಹುದು. ನಮ್ಮ ದನದ ಕೊಟ್ಟಿಗೆ ಮೂಲೆಯಲ್ಲಿ ಹೊಗೆ ಎದ್ದಿತ್ತು. ಈಗ ನೀರಲ್ಲಿ ನೆನೆಸುತ್ತೇನೆ.

ನಡುವೆ ಒಂದು ಹುಚ್ಚು: ಕೊಪ್ಪಳ ಹತ್ತಿರದ ಕಿನ್ನಾಳದ ಕಟ್ಟಿಗೆ ಗೊಂಬೆಗಳಿಗೆ ಬಳಸುವ ಹುಣಸೆ ಬೀಜದ ಅಂಟಿಗೆ ಕಟ್ಟಿಗೆ ಪುಡಿ ಕಲಸಿ ಬಟ್‌ನ ಬಿರುಕು ತುಂಬಿದೆ. ಮೊದಲ ಈಡಿಗೇ ಉದುರಿತು.

ಕಬ್ಬಿಣಕ್ಕೆ ನಾನು ಕೈ ಹಾಕಲಿಲ್ಲ. ಪೇಟೆಯಲ್ಲಿ ಒಬ್ಬ "ನಳಿಕಿ ಉಜ್ಜಿ ಕಪ್ಪು ಹೊಡದ್ ಕೊಡ್ತೀನಿ, ಎಂಟ್ನೂರು ಕೊಡ್ರಿ" ಅಂದ. ಉಜ್ಜಿದರೆ ಅದರ ಮೇಲೆ ಕೊರೆದ ಬಂದೂಕಿನ ನಂಬರೂ ಹೋಗುತ್ತದಲ್ಲ? 1959ರ ಆಯುಧ ಕಾಯ್ದೆ ಪ್ರಕಾರ ನಂಬರ್ ಅಳಿಸುವುದೇ ಅಪರಾಧ, ಬಂದೂಕಿನ ಕಾಗದಪತ್ರ ಎಷ್ಟು ಸಾಚಾ ಇದ್ದರೂ ಉಪಯೋಗವಿಲ್ಲ. ಲೈಸೆನ್ಸ್ ಇರುವ ರಿಪೇರಿಯವರಲ್ಲೇ ಮಾಡಿಸಿದೆ, ಎರಡೂವರೆ ಸಾವಿರ. ಜೇಬಿಗೆ ಉರಿ ಬಿತ್ತು, ನಂಬರ್ ಉಳಿಯಿತು.

ಅಳಿಯನದು ಇನ್ನೊಂದು ವರಾತ. ಬಟ್‌ಗೆ ಬಂಗಾರದ ಬಣ್ಣ ಬೇಕು, ನಳಿಕೆ ಒಂದು ಗೇಣು ಕತ್ತರಿಸಬೇಕು, ಮದುವೆ ಮೆರವಣಿಗೆಯಲ್ಲಿ ಗುಂಡು ಹಾರಿಸಬೇಕು. ನಳಿಕೆ ಗಿಡ್ಡ ಮಾಡುವುದಕ್ಕೆ ಅದೇ ಕಾಯ್ದೆಯಲ್ಲಿ ನಿಷೇಧ. ಸಂಭ್ರಮಕ್ಕೆ ಹಾರಿಸಿ ಜನರ ಜೀವಕ್ಕೆ ಸಂಚಕಾರ ತಂದರೆ 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಎರಡೂ ಆಗಬಹುದು. "ಮಾವಾ, ನೀ ಭಾಳ ಅಂಜ್ತಿ" ಅಂದ. ಅಂಜುತ್ತೇನೆ, ಹೌದು.

ಅಂಜಿಕೆ ಕಲಿಸಿದ್ದು ಒಂದು ಡಮ್ಮಿ ಬಂದೂಕು. ಬೇವಿನ ಕಟ್ಟಿಗೆಯಲ್ಲಿ ಬಂದೂಕು ಕೆತ್ತಿ, ಉಳಿದ ಎಣ್ಣೆ ಹಚ್ಚಿ, ಕಪ್ಪು ಬಳಿದು ಹೊಲದ ಬೆದರುಬೊಂಬೆ ಕೈಗೆ ಕೊಟ್ಟೆ. ಹಂದಿ ಕ್ಯಾರೇ ಅನ್ನಲಿಲ್ಲ. ಹುಡುಗರು ಅದನ್ನು ಕಿತ್ತುಕೊಂಡು ಸಂಜೆ ಬಸ್‌ಸ್ಟ್ಯಾಂಡಿಗೆ ಹೋದರು, ಜನ ಚೆಲ್ಲಾಪಿಲ್ಲಿ ಓಡಿದರು. ಅವತ್ತೇ ಅದಕ್ಕೆ ಅರಿಶಿನ ಬಣ್ಣ ಬಳಿದೆ.

ಕಾಕಾನಿಗೆ ವಿಧಾನ ಹೇಳಿಕೊಟ್ಟೆ, ನಿಮ್ಮ ಬಂದೂಕು ಮಾತ್ರ ನನ್ನ ಮನೆಗೆ ತರಬೇಡಿ ಅಂದೆ. ನಿನ್ನೆ ಫೋನ್ ಮಾಡಿದ್ದರು: ಎಂಟು ದಿನವಾದರೂ ಕೈಗೆ ಅಂಟುತ್ತದಂತೆ. ಎಷ್ಟು ಹಚ್ಚಿದ್ರಿ ಅಂತ ಕೇಳಿದೆ. ಒಂದು ಬಟ್ಟಲು ಅಂದರು.