ಪಿಕಪ್‌ಗೆ ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿದ ಮೇಲೆ ಎಂಜಿನ್ ಕಾಯುತ್ತಿದೆಯೇ? ಹೀಗೆ ಪರೀಕ್ಷಿಸಿ

ಹಳೆಯ ಪಿಕಪ್ ವಾಹನಗಳಲ್ಲಿ ರೇಡಿಯೇಟರ್ ಫ್ಯಾನು ವಾಟರ್ ಪಂಪಿನ ಮುಂದುಗಡೆ ಕೂತು, ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುತ್ತದೆ. ಅದನ್ನು ತೆಗೆದು ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿದರೆ ಸದ್ದು ತಗ್ಗುತ್ತದೆ, ಫ್ಯಾನು ತಿರುಗಿಸಲು ವ್ಯಯವಾಗುತ್ತಿದ್ದ ಎಂಜಿನ್ ಶಕ್ತಿಯೂ ಸ್ವಲ್ಪ ಉಳಿಯುತ್ತದೆ. ಆದರೆ ಎಷ್ಟೋ ವಾಹನಗಳಲ್ಲಿ ಈ ಬದಲಾವಣೆಯಾದ ಕೆಲವೇ ದಿನಗಳಲ್ಲಿ ಟೆಂಪರೇಚರ್ ಗೇಜಿನ ಮುಳ್ಳು ಮೇಲಕ್ಕೇರತೊಡಗುತ್ತದೆ. ಆಗ ಮಾಲೀಕರು ಇನ್ನೂ ದೊಡ್ಡ ಫ್ಯಾನನ್ನೋ ಹೊಸ ರೇಡಿಯೇಟರನ್ನೋ ಕೊಳ್ಳಲು ಹೊರಡುತ್ತಾರೆ. ನಾನು ಕಂಡ ಮಟ್ಟಿಗೆ ದೋಷ ಫ್ಯಾನಿನಲ್ಲಿ ಇರುವುದು ಅಪರೂಪ. ಅದು ಫ್ಯಾನಿನ ಸುತ್ತಲಿನ ಶ್ರೌಡ್ ಎಂಬ ಹೊದಿಕೆಯಲ್ಲೋ, ಅದಕ್ಕೆ ಕರೆಂಟು ಒಯ್ಯುವ ವೈರಿನಲ್ಲೋ ಅಡಗಿರುತ್ತದೆ.

ಬಾನೆಟ್ಟಿನೊಳಗೆ ಕೈಹಾಕುವ ಮುನ್ನ ಒಂದು ಎಚ್ಚರಿಕೆ. ಎಲೆಕ್ಟ್ರಿಕ್ ಫ್ಯಾನು ಕೀಲಿ ತೆಗೆದ ಮೇಲೂ ತಾನಾಗಿ ತಿರುಗಲು ಶುರುಮಾಡಬಹುದು. ಆದ್ದರಿಂದ ಫ್ಯಾನಿನ ಹತ್ತಿರ ಕೆಲಸ ಮಾಡುವಾಗ ಬ್ಯಾಟರಿಯ ನೆಗೆಟಿವ್ ತುದಿಯನ್ನು ಬಿಚ್ಚಿಡಬೇಕು. ಕಾದ ರೇಡಿಯೇಟರಿನ ಮುಚ್ಚಳವನ್ನಂತೂ ತೆರೆಯಲೇಬಾರದು.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಎಂಜಿನ್ ಕಾಯುವುದು ಯಾವಾಗ ಎಂಬುದು. ವಾಹನ ನಿಂತಿದ್ದಾಗ ಅಥವಾ ನಿಧಾನವಾಗಿ ಸಾಗುವಾಗ ಬಿಸಿಯೇರಿ, ವೇಗ ಹಿಡಿದೊಡನೆ ಇಳಿದರೆ ಫ್ಯಾನು ಸಾಕಷ್ಟು ಗಾಳಿ ಎಳೆಯುತ್ತಿಲ್ಲವೆಂದೇ ಅರ್ಥ. ಬದಲಿಗೆ ಹೆದ್ದಾರಿಯ ವೇಗದಲ್ಲಿ ಬಿಸಿಯೇರಿದರೆ ಕಾರಣ ಬೇರೆ. ಏಕೆಂದರೆ ಆ ವೇಗದಲ್ಲಿ ಎದುರು ನುಗ್ಗುವ ಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ, ಫ್ಯಾನಿಗೆ ಹೆಚ್ಚಿನ ಕೆಲಸವಿರುವುದಿಲ್ಲ. ಈ ಒಂದು ಉತ್ತರ ಸಿಕ್ಕಿದರೆ ಮುಂದಿನ ಅರ್ಧ ಹುಡುಕಾಟ ತಪ್ಪುತ್ತದೆ.

ನಿಂತಾಗ ಕಾಯುವ ವಾಹನದಲ್ಲಿ ಮೊದಲು ಗಾಳಿಯ ದಿಕ್ಕನ್ನು ನೋಡಬೇಕು. ರೇಡಿಯೇಟರಿನ ಹಿಂದೆ, ಎಂಜಿನ್ನಿನ ಕಡೆಗೆ ಇರುವ ಫ್ಯಾನು ಗಾಳಿಯನ್ನು ಮುಂದಿನಿಂದ ಒಳಕ್ಕೆ ಎಳೆಯಬೇಕು. ಮೋಟಾರಿನ ಎರಡು ವೈರುಗಳು ಅದಲುಬದಲಾಗಿದ್ದರೆ ಅದು ತಿರುವುಮುರುವಾಗಿ ತಿರುಗುತ್ತದೆ. ನೋಡುವವರ ಕಣ್ಣಿಗೆ ಮಾತ್ರ ಎಲ್ಲವೂ ಸರಿಯಾಗಿಯೇ ಇರುತ್ತದೆ. ಫ್ಯಾನು ತಿರುಗುತ್ತಿರುವಾಗ ಗ್ರಿಲ್ಲಿನ ಕಡೆಯಿಂದ ಒಂದು ಹಾಳೆಯನ್ನು ರೇಡಿಯೇಟರಿಗೆ, ಎಸಿ ಇರುವ ವಾಹನವಾದರೆ ಅದರ ಮುಂದಿನ ಕಂಡೆನ್ಸರಿಗೆ ಹಿಡಿಯಿರಿ. ಹಾಳೆ ಅಂಟಿಕೊಂಡು ನಿಲ್ಲಬೇಕು. ನಡುವೆ ಮಾತ್ರವಲ್ಲ, ನಾಲ್ಕು ಮೂಲೆಗಳಲ್ಲಿಯೂ ಹಿಡಿದು ನೋಡಿ. ನಡುವೆ ಗಟ್ಟಿಯಾಗಿ ಅಂಟಿದ ಹಾಳೆ ಮೂಲೆಗೆ ಸರಿಸಿದೊಡನೆ ಜಾರಿ ಬಿದ್ದರೆ, ಅಲ್ಲಿಂದ ಗಾಳಿ ಹಾಯುತ್ತಿಲ್ಲವೆಂದು ತಿಳಿಯಬೇಕು.

ಹೀಗಾಗುವುದು ಶ್ರೌಡ್ ಇಲ್ಲದಿದ್ದಾಗ. 70 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರದ ರೇಡಿಯೇಟರನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅದರ ವಿಸ್ತೀರ್ಣ 3,150 ಚದರ ಸೆಂ.ಮೀ. ಅದಕ್ಕೆ 40 ಸೆಂ.ಮೀ. ವ್ಯಾಸದ ಫ್ಯಾನನ್ನು ನೇರವಾಗಿ ಕಟ್ಟಿದರೆ ಅದು ಆವರಿಸುವುದು ಸುಮಾರು 1,257 ಚದರ ಸೆಂ.ಮೀ., ಅಂದರೆ ಶೇಕಡ 40ರಷ್ಟು ಮಾತ್ರ. 30 ಸೆಂ.ಮೀ. ವ್ಯಾಸದ ಎರಡು ಫ್ಯಾನುಗಳನ್ನು ಹಾಕಿದರೂ ಶೇಕಡ 45ನ್ನು ದಾಟುವುದಿಲ್ಲ. ಉಳಿದ ಭಾಗದಲ್ಲಿ ಬಿಸಿನೀರು ಹರಿಯುತ್ತಿದ್ದರೂ ವಾಹನ ನಿಂತಾಗ ಅದರ ಮೂಲಕ ಗಾಳಿ ಹಾಯುವುದು ಅತ್ಯಲ್ಪ. ಇಡೀ ರೇಡಿಯೇಟರನ್ನು ಮುಚ್ಚುವ, ಅಂಚುಗಳಿಗೆ ಸ್ಪಂಜಿನ ಪಟ್ಟಿ ಅಂಟಿಸಿ ಗಾಳಿ ಸೋರದಂತೆ ಮಾಡಿದ, ಫ್ಯಾನಿನ ರೆಕ್ಕೆಗೂ ರೇಡಿಯೇಟರಿಗೂ ನಡುವೆ ಕನಿಷ್ಠ ಎರಡೂವರೆ ಸೆಂ.ಮೀ. ಅಂತರ ಬಿಟ್ಟ ಶ್ರೌಡ್ ಹಾಕಿಸಿದರೆ ಅದೇ ಫ್ಯಾನು ಇಡೀ ರೇಡಿಯೇಟರಿನಿಂದ ಗಾಳಿ ಎಳೆಯುತ್ತದೆ. ಫ್ಯಾನನ್ನು ಪ್ಲಾಸ್ಟಿಕ್ ಕಡ್ಡಿಗಳಿಂದ ರೇಡಿಯೇಟರಿನ ತೆಳು ರೆಕ್ಕೆಗಳ ನಡುವೆ ತೂರಿಸಿ ಬಿಗಿಯುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಅದುರಿ ಅದುರಿ ಕಡ್ಡಿ ಕೊಳವೆಯನ್ನೇ ಸವೆಸಿ ತೂತು ಮಾಡಬಲ್ಲದು.

ಗಾಳಿಯ ದಾರಿ ಸರಿಯಿದ್ದರೂ ಎಂಜಿನ್ ಕಾಯುತ್ತಿದ್ದರೆ ಮಲ್ಟಿಮೀಟರ್ ಕೈಗೆತ್ತಿಕೊಳ್ಳಬೇಕು. ಇಷ್ಟು ದೊಡ್ಡ ಫ್ಯಾನೊಂದು ತಿರುಗುವಾಗ ಸಾಮಾನ್ಯವಾಗಿ 15ರಿಂದ 20 ಆಂಪಿಯರ್ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು. ಹೆಡ್‌ಲೈಟಿಗೆ ಎಳೆಯುವ ತೆಳು ವೈರು ಇದಕ್ಕೆ ಸಾಲದು. ಎಂಜಿನ್ ಮತ್ತು ಫ್ಯಾನು ಎರಡೂ ಓಡುತ್ತಿರುವಾಗ ಮೊದಲು ಬ್ಯಾಟರಿಯ ತುದಿಗಳಲ್ಲಿ, ಆಮೇಲೆ ಫ್ಯಾನಿನ ಪ್ಲಗ್ಗಿನಲ್ಲಿ ವೋಲ್ಟೇಜ್ ಅಳೆಯಿರಿ. ಎರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕರೆಂಟು ದಾರಿಯಲ್ಲೇ ಸೋಲುತ್ತಿದೆ. ನನ್ನದೇ ಪಿಕಪ್ಪಿನಲ್ಲಿ ಬ್ಯಾಟರಿಯ ಬಳಿ 13.9 ವೋಲ್ಟ್ ಇದ್ದದ್ದು ಫ್ಯಾನು ತಲುಪುವಷ್ಟರಲ್ಲಿ 11.6ಕ್ಕೆ ಇಳಿದಿತ್ತು. ಫ್ಯಾನಿಗೆ ಕರೆಂಟು ಹಾಯಿಸುವ ಸ್ವಿಚ್ಚಾದ ರಿಲೇಯನ್ನು ಕಿತ್ತು ನೋಡಿದಾಗ ಅದರ ಬೇಸಿನ ಒಂದು ಕಾಲಿನ ಸುತ್ತ ಪ್ಲಾಸ್ಟಿಕ್ಕು ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಇನ್ನೊಂದು ತುದಿಯಲ್ಲಿ ಅರ್ಥ್ ವೈರನ್ನು ಬಣ್ಣ ಕೆರೆಯದೆಯೇ ವಾಹನದ ಲೋಹದ ಮೈಗೆ ಬಿಗಿಯಲಾಗಿತ್ತು. ದಪ್ಪನೆಯ 6 ಚದರ ಮಿ.ಮೀ. ವೈರು, ಪ್ರತಿ ಫ್ಯಾನಿಗೂ ಬೇರೆ ಬೇರೆ 40 ಆಂಪಿಯರಿನ ರಿಲೇ, ಬ್ಯಾಟರಿಯ ಹತ್ತಿರವೇ ಫ್ಯೂಸು, ಬ್ಯಾಟರಿಯ ನೆಗೆಟಿವ್‌ಗೇ ನೇರ ಅರ್ಥ್ ಕೊಟ್ಟ ಮೇಲೆ ಫ್ಯಾನಿನ ಸದ್ದೇ ಬದಲಾಯಿತು. ಫ್ಯಾನನ್ನು ಬದಲಿಸಲೇ ಇಲ್ಲ.

ಬ್ಯಾಟರಿಯಲ್ಲಿಯೇ ವೋಲ್ಟೇಜ್ ಕುಸಿಯುತ್ತಿದ್ದರೆ ಎಂಜಿನ್ನಿನಿಂದ ತಿರುಗಿ ಕರೆಂಟು ಉತ್ಪಾದಿಸುವ ಆಲ್ಟರ್ನೇಟರನ್ನು ಅನುಮಾನಿಸಬೇಕು. ಎಂಜಿನ್ ಸ್ಲೋ ಆಗಿ ಓಡುವಾಗ ಆಲ್ಟರ್ನೇಟರು ತನ್ನ ಪೂರ್ಣ ಸಾಮರ್ಥ್ಯದ ಕರೆಂಟು ಕೊಡಲಾರದು, ಫ್ಯಾನಿನ ಅಗತ್ಯ ಅತಿ ಹೆಚ್ಚಿರುವುದೂ ಆಗಲೇ.

ಇನ್ನು ಫ್ಯಾನನ್ನು ಚಾಲೂ ಮಾಡುವ ಟೆಂಪರೇಚರ್ ಸ್ವಿಚ್ಚು. ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿಯಾದ ಮೇಲೆ ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ) 88 ಡಿಗ್ರಿ ಸೆಲ್ಸಿಯಸ್‌ಗೆ ತೆರೆಯತೊಡಗುವ ಎಂಜಿನ್ನಿಗೆ 85ರಲ್ಲಿಯೇ ಫ್ಯಾನು ಶುರುವಾಗುವಂತೆ ಇಟ್ಟರೆ ಅದು ನಿಲ್ಲುವುದೇ ಇಲ್ಲ. 105ಕ್ಕೆ ಇಟ್ಟರೆ ಹೊತ್ತು ಮೀರಿರುತ್ತದೆ. ಎಂಜಿನ್ನಿನಿಂದ ಹೊರಬರುವ ನೀರನ್ನು ಅಳೆಯುವ ಸ್ವಿಚ್ಚಾದರೆ ಥರ್ಮೋಸ್ಟ್ಯಾಟಿಗಿಂತ 5ರಿಂದ 8 ಡಿಗ್ರಿ ಮೇಲೆ ಶುರುವಾದರೆ ಸಾಕು. ರೇಡಿಯೇಟರಿನ ರೆಕ್ಕೆಗಳ ನಡುವೆ ತುರುಕಿದ ಕಡ್ಡಿಯಂಥ ಸೆನ್ಸರ್ ತಾನಿರುವ ಜಾಗದ ಬಿಸಿಯನ್ನಷ್ಟೇ ಅರಿಯುತ್ತದೆ, ಆದ್ದರಿಂದ ಎಂಜಿನ್ನಿಗೇ ತಿರುಪಿ ಕೂಡಿಸುವ ಸೆನ್ಸರನ್ನು ಆರಿಸಿಕೊಳ್ಳುವುದು ಲೇಸು. ಒಂದೇ ವೈರಿನ ಸೆನ್ಸರಿಗೆ ಅದರ ಲೋಹದ ಮೈಯೇ ಅರ್ಥ್ ಆಗಿರುವುದರಿಂದ, ತಿರುಪಿನ ಸುತ್ತುಗಳಿಗೆ ದಪ್ಪವಾಗಿ ಟೆಫ್ಲಾನ್ ಟೇಪು ಸುತ್ತಿದರೆ ಅದು ಕೆಲಸ ಮಾಡದಿರಬಹುದು. ಎಸಿ ಹಾಕಿದಾಗ ಫ್ಯಾನು ಕಂಪ್ರೆಸರಿನ ಜೊತೆಗೇ ಶುರುವಾಗಬೇಕು.

ಓಡುವಾಗ ಕಾಯುವ ವಾಹನದಲ್ಲಿ ಶ್ರೌಡನ್ನೇ ಮರಳಿ ನೋಡಬೇಕಾಗುತ್ತದೆ. ನಿಂತಾಗ ನೆರವಾಗುವ ಅಗಲವಾದ ಹೊದಿಕೆ ವೇಗದಲ್ಲಿ ಗಾಳಿಗೆ ಗೋಡೆಯಾಗಬಹುದು. ಅದರಲ್ಲಿ ಕೊರೆದ ಕಿಂಡಿಗಳಿಗೆ ರಬ್ಬರಿನ ಪರದೆ ಹಾಕಿದರೆ ನಿಂತಾಗ ಮುಚ್ಚಿಕೊಂಡು, ಓಡುವಾಗ ಗಾಳಿಯ ಒತ್ತಡಕ್ಕೆ ತೆರೆದುಕೊಳ್ಳುತ್ತವೆ. ಕೆಲಸದ ವೇಳೆ ಕೂಲಂಟನ್ನು, ಅಂದರೆ ರೇಡಿಯೇಟರಿನ ನೀರನ್ನು, ಇಳಿಸಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿರಬಹುದು, ಕೆಳಗಿನ ಹೋಸ್ ಪೈಪು ಪಂಪಿನ ಸೆಳೆತಕ್ಕೆ ಚಪ್ಪಟೆಯಾಗುತ್ತಿರಬಹುದು, ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಕಸ ತುಂಬಿರಬಹುದು. ಹಲವರು ಮರೆಯುವ ಸಂಗತಿ ಇನ್ನೊಂದಿದೆ: ಅನೇಕ ಎಂಜಿನ್ನುಗಳಲ್ಲಿ ವಾಟರ್ ಪಂಪಿನ ಪುಲ್ಲಿಯನ್ನು ಹಿಡಿದಿಡುವುದು ಹಳೆಯ ಫ್ಯಾನಿನ ಬೋಲ್ಟುಗಳೇ. ಫ್ಯಾನು ತೆಗೆದ ಮೇಲೆ ಆ ಬೋಲ್ಟುಗಳು ಉದ್ದವಾಗಿ, ಬಿಗಿದಂತೆ ಕಂಡರೂ ಪುಲ್ಲಿ ಸಡಿಲವಾಗಿಯೇ ಉಳಿಯಬಹುದು. ಪುಲ್ಲಿಯನ್ನು ಕೈಯಲ್ಲಿ ಅಲುಗಾಡಿಸಿ ನೋಡಿ. ಆಟವಿದ್ದರೆ ಗಿಡ್ಡ ಬೋಲ್ಟೋ ಸರಿಯಳತೆಯ ವಾಷರೋ ಬೇಕು.

ಎಲ್ಲ ಸರಿಪಡಿಸಿದ ಮೇಲೆ ಎಸಿ ಆರಿಸಿ, ವಾಹನವನ್ನು ಬಯಲಿನಲ್ಲಿ ನಿಲ್ಲಿಸಿ ಎಂಜಿನ್ನನ್ನು 20 ನಿಮಿಷ ಓಡಲು ಬಿಡಿ. ಫ್ಯಾನು ಶುರುವಾಗಿ, ಮುಳ್ಳು ಇಳಿದು, ಫ್ಯಾನು ನಿಂತು, ಮತ್ತೆ ಶುರುವಾಗಬೇಕು. ಎಸಿ ಹಾಕಿ ಇನ್ನೊಮ್ಮೆ ನೋಡಿ. ಆಗ ಫ್ಯಾನು ಬಿಡದೆ ತಿರುಗಿದರೂ ಚಿಂತೆಯಿಲ್ಲ, ಮುಳ್ಳು ಏರದೆ ನಿಲ್ಲಬೇಕಷ್ಟೆ. ಭಾರ ಹೇರಿಕೊಂಡು ಏರುದಾರಿಯಲ್ಲಿ ನಿಧಾನವಾಗಿ ಸಾಗುವುದೇ ನಿತ್ಯದ ಕೆಲಸವಾಗಿದ್ದು, ಇಷ್ಟೆಲ್ಲ ಮಾಡಿದರೂ ಆ ಏರಿನಲ್ಲಿ ಮುಳ್ಳು ಏರುತ್ತಲೇ ಇದ್ದರೆ, ಕಳಚಿಟ್ಟ, ಬೆಲ್ಟಿನಿಂದ ತಿರುಗುವ ಹಳೆಯ ಫ್ಯಾನನ್ನು ಅದರ ಶ್ರೌಡ್ ಸಮೇತ ಮರಳಿ ಹಾಕಿಸುವುದೇ ಸರಿಯೆಂಬುದು ನನ್ನ ಅಭಿಪ್ರಾಯ. ಅಂಥ ದುಡಿಮೆಗೆ ಅದು ಎಳೆಯುವಷ್ಟು ಗಾಳಿಯನ್ನು ಅನೇಕ ಎಲೆಕ್ಟ್ರಿಕ್ ಫ್ಯಾನುಗಳು ಎಳೆಯಲಾರವು.